ಬೈಗುಳ ಓದೋ ಕೆಲಸ ನನಗಿರಲಿ

ದಾವಣಗೆರೆಯಂಥ ಊರಲ್ಲಿ ವರದಿಗಾರರ ಫೋನ್ ನಂಬರ್ ಗುಟ್ಟಾಗಿ ಉಳಿಯೋದು ಕನಸಿನ ಮಾತು. ಪಾಲಿಕೆ ಸದಸ್ಯರ ಹತ್ತಿರ ಇರುತ್ತೆ, ಎಪಿಎಂಸಿ ದಲ್ಲಾಳಿಗಳ ಹತ್ತಿರ ಇರುತ್ತೆ, ಎಲ್ಲಾ ಪಕ್ಷದವರ ವಾಟ್ಸಾಪ್ ಗ್ರೂಪಲ್ಲೂ ಇರುತ್ತೆ. ಹಬ್ಬದ ವಿಶೇಷಾಂಕದಲ್ಲಿ ‘ಜಾಹೀರಾತಿಗೆ ಸಂಪರ್ಕಿಸಿ’ ಅಂತ ಪುಟದ ಬುಡದಲ್ಲಿ ನಾವೇ ಅಚ್ಚು ಹಾಕಿರ್ತೀವಿ. ಪತ್ರಕರ್ತರು ಆನ್‌ಲೈನ್ ಕಿರುಕುಳದಿಂದ ಪಾರಾಗೋದು ಹೇಗೆ ಅಂತ ಇಂಗ್ಲಿಷಲ್ಲಿ ಕೈಪಿಡಿಗಳು ಬೇಕಾದಷ್ಟಿವೆ, ಒಳ್ಳೆಯವೇ. ಆದರೆ ನಂಬರು, ಮನೆ ವಿಳಾಸ ಯಾರಿಗೂ ಸಿಗದಂತೆ ನೋಡಿಕೊಳ್ಳಿ ಅಂತಲೇ ಶುರು ಮಾಡ್ತಾರೆ. ಓದಿ ನಗು ಬರುತ್ತೆ. ವಿದ್ಯಾನಗರದ ಕೊನೇ ಬಸ್‌ಸ್ಟಾಪಲ್ಲಿ ಇಳಿದು ‘ಪೇಪರ್‌ನೋರ ಮನೆ ಯಾವುದ್ರೀ’ ಅಂತ ಕೇಳಿ ನೋಡಿ, ಹಾಲಿನವನು ಬಾಗಿಲಿಗೇ ತಂದು ಬಿಟ್ಟು ಹೋಗ್ತಾನೆ.

ನಾನು ವರದಿಗಾರ್ತಿಯಲ್ಲ, ಡೆಸ್ಕಿನವಳು. ಸ್ಥಳೀಯ ದಿನಪತ್ರಿಕೆಯೊಂದರಲ್ಲಿ ಮೊದಲು ಕರಡು ತಿದ್ದುತ್ತಿದ್ದೆ, ಆಮೇಲೆ ಉಪಸಂಪಾದಕಿಯಾದೆ. ತಾಲ್ಲೂಕುಗಳಿಂದ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಕವರ್ ಬರ್ತಿದ್ದ ಕಾಲದಿಂದ ಹಿಡಿದು ವಾಟ್ಸಾಪಲ್ಲಿ ಬರೋ ಕಾಲದವರೆಗೆ ಬೇರೆಯವರ ಕಾಪಿ ಓದಿಯೇ ಕಣ್ಣು ಸವೆಸಿದವಳು. ಕೆಲಸ ಬಿಟ್ಟ ಮೇಲೂ ಹುಡುಗರು ‘ಅಕ್ಕಾ’ ಅಂತ ಬರ್ತಾರೆ. ಮೊದಲು ತಲೆಬರಹ ಕೇಳೋಕೆ ಬರ್ತಿದ್ದರು. ಈಗ ಫೋನ್ ಹಿಡ್ಕೊಂಡು ಬಂದು, ‘ಇದನ್ನ ಏನ್ ಮಾಡೋದಕ್ಕಾ’ ಅಂತಾರೆ.

ಅದರಲ್ಲಿ ಒಬ್ಬಳ ಕತೆ ಹೇಳ್ತೀನಿ. ಹೆಸರು ಬೇಡ.

ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟಲ್ಲ ಅನ್ನೋದು ನಮ್ಮ ದಾವಣಗೆರೆ, ಹರಿಹರ ಕಡೆಯ ಹಳೇ ಗೋಳು. ಬೇಸಿಗೆ ಭತ್ತ ತೆನೆ ಕಟ್ಟೋ ಹೊತ್ತಿಗೆ ಇಲ್ಲಿ ಗದ್ದೆ ಬಿರಿಯುತ್ತೆ, ಮೇಲುಗಡೆ ನಾಲೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾ ಇರ್ತಾರೆ. ಅದನ್ನ ಈ ಹುಡುಗಿ ಫೋಟೋ ಸಮೇತ ಬರೆದಳು. ಪೈಪ್ ಎಲ್ಲಿಂದ ಹೊರಟು ಯಾರ ತೋಟದ ಹೊಂಡಕ್ಕೆ ಬೀಳುತ್ತೆ ಅಂತ ನಡೆದು ನೋಡಿಕೊಂಡು ಬಂದು ಬರೆದಿದ್ದಳು. ನಾನಾಗಿದ್ದರೆ ಮುಖಪುಟಕ್ಕೆ ಹಾಕ್ತಿದ್ದೆ. ಅವರು ಮೂರನೇ ಪುಟದಲ್ಲಿ ಹಾಕಿದರು. ಸಂಜೆಗೆ ಶುರುವಾಯ್ತು. ನೀರಿನ ಬಗ್ಗೆ ಒಬ್ಬನೂ ಒಂದು ಮಾತಾಡಲಿಲ್ಲ. ಅವಳು ಎಷ್ಟು ದುಡ್ಡು ತಗೊಂಡಳು, ಯಾರ ಜೊತೆ ಓಡಾಡ್ತಾಳೆ, ಜಾತಿ ಯಾವುದು, ಇಂಥದ್ದೇ. ಅಕ್ಕನ ಮದುವೆಯಲ್ಲಿ ತೆಗೆಸಿಕೊಂಡಿದ್ದ ಫೋಟೋದ ಮುಖ ಕತ್ತರಿಸಿ ಬೇರೆ ಮೈಗೆ ಅಂಟಿಸಿ, ಕೆಳಗೆ ಅವಳ ನಂಬರ್ ಹಾಕಿ, ‘ರಾತ್ರಿ ಕರೆ ಮಾಡಿ’ ಅಂತ ಊರೂರ ಗ್ರೂಪಿಗೆ ಬಿಟ್ಟರು.

ಅಪ್ಪನ ಗಾಡಿಯಲ್ಲಿ ಕೂತು ನಮ್ಮನೆಗೆ ಬಂದಳು. ಫೋನನ್ನ ಟೀಪಾಯಿ ಮೇಲೆ ಮಂಡಕ್ಕಿ ತಟ್ಟೆ ಪಕ್ಕ ಇಟ್ಟಳು. ಸೈಲೆಂಟಲ್ಲಿತ್ತು, ಆದರೂ ಒಂದಾದ ಮೇಲೊಂದು ಕರೆ ಬಂದು ಗುಂಯ್ ಅಂತ ನಡುಗುತ್ತಾ ಫೋನು ತಾನೇ ಸರಿದು ಸರಿದು ಗಾಜಿನ ಅಂಚಿಗೆ ಬಂತು. ಅವರಪ್ಪ ಅದನ್ನ ಮತ್ತೆ ನಡುವಿಗೆ ತಳ್ಳಿದರು. ಮತ್ತೆ ಸರಿಯಿತು. ಅವಳ ಕಣ್ಣೆಲ್ಲಾ ಅದರ ಮೇಲೇ.

‘ಲಾಕ್ ತೆಗೆದು ಇಲ್ಲಿ ಕೊಡು. ಇವತ್ತಿಂದ ಇದನ್ನ ನೀನು ಓದಂಗಿಲ್ಲ’ ಅಂದೆ.

ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಕಿರುಕುಳ ಶುರುವಾದ ಮೇಲೆ ಸೆಟ್ಟಿಂಗ್ಸು, ದೂರು, ವಕೀಲರು ಎಲ್ಲಾ ಬೇಕು, ಆದರೆ ಅದಕ್ಕೂ ಮುಂಚೆ ಆ ಫೋನು ಬೇರೆಯವರ ಕೈಗೆ ಹೋಗಬೇಕು. ಬೈಸಿಕೊಂಡವರು ಒಂದೊಂದನ್ನೂ ಎರಡು ಮೂರು ಸಲ ಓದ್ತಾರೆ, ರಾತ್ರಿ ಎದ್ದು ಓದ್ತಾರೆ, ಉತ್ತರ ಕೊಡ್ತಾರೆ, ಆ ಉತ್ತರದ ಸ್ಕ್ರೀನ್‌ಶಾಟ್ ಮತ್ತೆ ಊರೆಲ್ಲಾ ಸುತ್ತುತ್ತೆ. ಇಲ್ಲಾಂದ್ರೆ ಅಸಹ್ಯ ತಾಳಲಾರದೆ ಎಲ್ಲವನ್ನೂ ಅಳಿಸಿ ಹಾಕ್ತಾರೆ, ಆಮೇಲೆ ಠಾಣೆಯಲ್ಲಿ ತೋರಿಸೋಕೆ ಏನೂ ಉಳಿದಿರಲ್ಲ. ನನಗೋ ಅದು ಬರೀ ಕಾಪಿ. ಜೀವನದಲ್ಲಿ ಎಷ್ಟೋ ಕೆಟ್ಟ ಕಾಪಿ ಓದಿದ್ದೀನಿ.

ಅಕ್ಕಿ ಆರಿಸೋ ಹಾಗೆ ಕೂತು ಆರಿಸಿದೆ. ಬರೀ ಬೈಗುಳ ಒಂದು ಕಡೆ. ‘ನೋಡ್ಕೋತೀವಿ’, ‘ಆ ದಾರೀಲಿ ಬಾ’ ಅನ್ನೋ ಬೆದರಿಕೆ ಇನ್ನೊಂದು ಕಡೆ. ಫೋಟೋ ತಿದ್ದಿದ್ದು, ಲೈಂಗಿಕವಾಗಿ ಹೊಲಸು ಬರೆದದ್ದು ಮತ್ತೊಂದು ಕಡೆ. ಪ್ರತಿಯೊಂದಕ್ಕೂ ಸ್ಕ್ರೀನ್‌ಶಾಟ್, ಅದರಲ್ಲಿ ನಂಬರ್ ಅಥವಾ ಖಾತೆಯ ಹೆಸರು, ದಿನಾಂಕ, ಸಮಯ ಕಾಣಲೇಬೇಕು. ಫೇಸ್‌ಬುಕ್ಕಾದರೆ ಪೋಸ್ಟಿನ ಲಿಂಕು, ಖಾತೆಯ ಲಿಂಕು ಎರಡನ್ನೂ ಕಾಪಿ ಮಾಡಿ ಇಟ್ಟುಕೊಳ್ಳಬೇಕು. ಮಾರನೇ ದಿನ ‘ಪ್ರಕಾಶ’ ಅನ್ನೋ ಖಾತೆ ‘ಸಿಂಹದ ಮರಿ’ ಆಗಿರುತ್ತೆ, ಹೆಸರು ನಂಬಿಕೊಂಡರೆ ಕೆಟ್ಟಿರಿ. ವಾಟ್ಸಾಪ್ ಚಾಟನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಟೆ. ಇಷ್ಟೂ ಆದ ಮೇಲೇ ಬ್ಲಾಕು.

ಆಗ ಒಂದು ತಮಾಷೆ ಕಣ್ಣಿಗೆ ಬಿತ್ತು. ಬೇರೆ ಬೇರೆ ಹೆಸರಿನ ಖಾತೆಗಳು, ಬೇರೆ ಬೇರೆ ಊರು, ಆದರೆ ಒಂದು ಪ್ಯಾರಾ ಎಲ್ಲಾ ಕಡೆ ಅದೇ. ‘ಪತ್ರಿಕೋದ್ಯಮ’ ಅನ್ನೋದನ್ನ ‘ಪತ್ರಿಕೋಧ್ಯಮ’ ಅಂತ ಬರೆದಿದ್ದರು. ಅದೊಂದೇ ಆಗಿದ್ದರೆ ಸಾಕ್ಷಿ ಅನ್ನೋಕಾಗಲ್ಲ, ಹಾಗೆ ಬರೆಯೋರು ನಮ್ಮ ಜಿಲ್ಲೆಯಲ್ಲಿ ಅರ್ಧದಷ್ಟಿದ್ದಾರೆ, ಪ್ರೆಸ್ ಅಂತ ಗಾಡಿ ಮೇಲೆ ಬರೆಸಿಕೊಂಡವರೂ ಸೇರಿ. ಆದರೆ ಎರಡನೇ ವಾಕ್ಯದ ಕೊನೆಗೆ ಮೂರು ಆಶ್ಚರ್ಯಸೂಚಕ, ಅದರಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಖಾಲಿ ಜಾಗ. ಆ ಖಾಲಿ ಜಾಗ ಅಷ್ಟೂ ಜನಕ್ಕೆ ತಾನಾಗೇ ಒಂದೇ ಕಡೆ ಬೀಳೋಕೆ ಸಾಧ್ಯವೇ ಇಲ್ಲ. ಒಬ್ಬ ಬರೆದಿದ್ದಾನೆ, ಉಳಿದವರು ಎತ್ತಿ ಅಂಟಿಸಿದ್ದಾರೆ. ಸಮಯದ ಪ್ರಕಾರ ಜೋಡಿಸಿಕೊಂಡು ಹಿಂದಕ್ಕೆ ಹೋದರೆ ಮೊದಲನೆಯದು ಒಂದು ಊರಿನ ಗ್ರೂಪಲ್ಲಿ ಸಿಕ್ಕಿತು. ಪಂಪ್‌ಸೆಟ್ ಇಟ್ಟವರ ಕಡೆಯವನೇ.

ಅವಳನ್ನ ಕರೆದು ತೋರಿಸಿದೆ. ಊರಿಗೂರೇ ತನ್ನ ಮೇಲೆ ಬಿದ್ದಿದೆ ಅಂತ ತಿಳ್ಕೊಂಡಿದ್ದಳು. ಇಲ್ಲ, ಒಬ್ಬ ಬರೆದವನು, ಅವನ ಹಿಂದೆ ಅಂಟಿಸೋ ಕೆಲಸದ ಒಂದಷ್ಟು ಜನ. ಅವರಪ್ಪ ಕನ್ನಡಕ ಹಾಕ್ಕೊಂಡು ಆ ಖಾಲಿ ಜಾಗಾನ ಎರಡು ಸಲ ನೋಡಿದರು. ‘ಇಷ್ಟೇನಾ’ ಅಂದರು. ಠಾಣೆಗೂ ಇದರಿಂದ ಅನುಕೂಲವಾಯ್ತು. ‘ನೂರಾರು ಜನ ಬೈದರು’ ಅಂದ್ರೆ ಅವರು ಪೆನ್ನು ಎತ್ತಲ್ಲ, ‘ಇಂಥ ಗ್ರೂಪಲ್ಲಿ ಇಂಥ ಹೊತ್ತಿಗೆ ಈ ನಂಬರಿಂದ ಮೊದಲು ಬಂತು’ ಅಂದ್ರೆ ಎತ್ತುತ್ತಾರೆ.

ದೂರಿನ ವಿಷಯಕ್ಕೆ ಬರ್ತೀನಿ. ನಮ್ಮ ಹುಡುಗರು ಈಗಲೂ ‘66-ಎ ಹಾಕ್ಸೋಣ’ ಅಂತ ಹೊರಡ್ತಾರೆ. ಆನ್‌ಲೈನಲ್ಲಿ ಯಾರಿಗಾದರೂ ಕಿರಿಕಿರಿಯಾಗೋ ಹಾಗೆ ಬರೆದರೂ ಜೈಲು ಅಂತಿದ್ದ ಐಟಿ ಕಾಯ್ದೆಯ ಆ ಕಲಮನ್ನ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ರದ್ದಾಗಿದ್ದು ಒಳ್ಳೆಯದೇ ಆಯ್ತು, ಅದು ಇದ್ದಿದ್ದರೆ ಮೊದಲು ಒಳಗೆ ಹೋಗ್ತಿದ್ದವರು ನಾವೇ. ಈಗ ಉಪಯೋಗಕ್ಕೆ ಬರೋದು ಬೇರೆ: ಅವಳ ಹೆಸರು, ಫೋಟೋ ಬಳಸಿ ನಕಲಿ ಖಾತೆ ತೆರೆದು ವಂಚಿಸಿದರೆ 66-ಡಿ, ಪಾಸ್‌ವರ್ಡ್ ಕದ್ದರೆ 66-ಸಿ, ಅಶ್ಲೀಲ ಹರಡಿದರೆ 67 ಮತ್ತು 67-ಎ. ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣುಮಗಳ ಬೆನ್ನು ಬೀಳೋದಕ್ಕೆ 78, ಅವಳು ಇಂಟರ್ನೆಟಲ್ಲಿ ಏನು ಮಾಡ್ತಾಳೆ ಅಂತ ಕಾಯೋದೂ ಅದರಲ್ಲೇ ಬರುತ್ತೆ. ಮಾನಕ್ಕೆ ಕುಂದು ತರೋ ಮಾತಿಗೆ 79. ಹೆಸರು ಮರೆಸಿಕೊಂಡು ಬೆದರಿಕೆ ಹಾಕಿದರೆ 351ರ 4ನೇ ಉಪಕಲಂ. ದೂರಿನಲ್ಲಿ ಸುಮ್ಮನೆ ‘ಬೈದರು, ಬೆದರಿಸಿದರು’ ಅಂತ ಬರೆದರೆ ಎನ್‌ಸಿ, ಅಂದ್ರೆ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡೋಕಾಗದ ಪ್ರಕರಣ, ಅಂತ ಮಾಡಿ ಕೈತೊಳೆದುಕೊಳ್ಳೋ ಸಾಧ್ಯತೆ ಹೆಚ್ಚು. ತಿದ್ದಿದ ಫೋಟೋ, ನಂಬರ್ ಹಂಚಿದ್ದು, ರಾತ್ರಿ ಕರೆಗಳು, ಎಲ್ಲವನ್ನೂ ಘಟನೆ ಘಟನೆಯಾಗಿ ಬರೆದರೆ ಎಫ್‌ಐಆರ್ ಆಗುತ್ತೆ. ಕಲಂ ಹಾಕೋದು ಅವರ ಕೆಲಸ, ಘಟನೆ ಬರೆಯೋದು ನಮ್ಮ ಕೆಲಸ. ವರದಿಗಾರರಿಗೆ ಇದು ಕಷ್ಟ ಆಗಬಾರದಪ್ಪ. ಆದರೂ ತಮ್ಮ ಬಗ್ಗೆ ಬರೆಯುವಾಗ ಎಲ್ಲರೂ ಪ್ರಬಂಧ ಬರೀತಾರೆ, ಸುದ್ದಿ ಮರೆತು ಹೋಗುತ್ತೆ.

ಬಡಾವಣೆ ಠಾಣೆಯಿಂದ ಸೈಬರ್ ಅಪರಾಧ ನೋಡೋ ಸಿಇಎನ್ ಠಾಣೆಗೆ ಹೋಗಿ ಅಂದರೆ ಸತಾಯಿಸ್ತಿದ್ದಾರೆ ಅಂತ ತಕ್ಷಣ ಸಿಟ್ಟಾಗಬೇಡಿ. ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರು ಆ ಕಾಯ್ದೆಯ ಪ್ರಕರಣ ತನಿಖೆ ಮಾಡೋ ಹಾಗಿಲ್ಲ. ಹಾಗಂತ ದೂರೇ ತಗೊಳ್ಳಲ್ಲ ಅನ್ನೋ ಹಾಗೂ ಇಲ್ಲ. ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಅಂತ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಆನ್‌ಲೈನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಅಷ್ಟೇ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರ ದೂರಿಗೆ ಬೇರೆ ವಿಭಾಗವೇ ಇದೆ. 1930 ಅನ್ನೋ ನಂಬರ್ ಮುಖ್ಯವಾಗಿ ದುಡ್ಡು ಹೋದವರಿಗೆ. ಬೈಗುಳಕ್ಕೆ ಅಲ್ಲಿ ಹೆಚ್ಚು ಸಹಾಯ ನಿರೀಕ್ಷಿಸಬೇಡಿ.

ಇನ್ನೊಂದು, ಫೋನ್ ಮಾರಬೇಡಿ. ದೀಪಾವಳಿ ಎಕ್ಸ್‌ಚೇಂಜ್ ಆಫರ್ ಅಂತ ಸಾಕ್ಷಿ ಇರೋ ಫೋನನ್ನೇ ಅಂಗಡಿಗೆ ಕೊಟ್ಟು ಬಂದವರಿದ್ದಾರೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ, ಹಳೇ ಕಾಯ್ದೆಯಲ್ಲಿ 65-ಬಿ ಅಂತಿದ್ದದ್ದು, ಮೊಬೈಲಿಂದ ತೆಗೆದ ದಾಖಲೆಗೆ ಪ್ರಮಾಣಪತ್ರ ಕೇಳುತ್ತೆ. ಅದರಲ್ಲಿ ಒಂದು ಭಾಗ ಸಾಧನ ಯಾರ ವಶದಲ್ಲಿತ್ತೋ ಅವರದ್ದು, ಇನ್ನೊಂದು ಭಾಗ ತಜ್ಞರದ್ದು, ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನೂ ಬರೀಬೇಕು. ಮೂಲ ಫೋನ್ ಇಲ್ಲದಿದ್ದರೆ ವಕೀಲರು ತಲೆ ಮೇಲೆ ಕೈ ಹೊತ್ತು ಕೂರ್ತಾರೆ.

ತಿದ್ದಿದ ನಗ್ನ ಚಿತ್ರಗಳ ವಿಷಯದಲ್ಲಿ ಕಾಯೋದೇ ಬೇಡ. 2021ರ ಐಟಿ ನಿಯಮಗಳಲ್ಲಿ ಅಂಥದ್ದನ್ನ ದೂರು ಬಂದ 24 ಗಂಟೆಯೊಳಗೆ ಕಂಪನಿ ತೆಗೆಯಬೇಕು ಅಂತ ಬರೆದರು, ಅದಕ್ಕೆ ಪೊಲೀಸ್ ಎಫ್‌ಐಆರ್ ತನಕ ಕಾಯೋ ಅಗತ್ಯ ಇಲ್ಲ, ಸಂತ್ರಸ್ತೆ ಅಥವಾ ಅವರ ಪರವಾಗಿ ಬೇರೆಯವರು ದೂರು ಕೊಟ್ಟರೂ ಸಾಕು. ಸ್ಟಾಪ್‌ಎನ್‌ಸಿಐಐ ಅಂತ ಒಂದು ವ್ಯವಸ್ಥೆ 2021ರ ಡಿಸೆಂಬರಿಂದ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತೆ. ಆ ಹ್ಯಾಶಿಗೆ ಹೊಂದೋ ಚಿತ್ರವನ್ನ ಯಾರಾದರೂ ಹಾಕಿದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಗುರುತಿಸಿ ತಡೀತಾವೆ. ಈ ಮಾತು ಹೇಳಿದಾಗ ಅವಳಿಗೆ ಉಸಿರು ಬಂತು. ಆ ಚಿತ್ರವನ್ನ ಇನ್ಯಾರಿಗೋ ಕಳಿಸಿ ತೋರಿಸಬೇಕಾಗುತ್ತೆ ಅನ್ನೋದೇ ಅವಳ ದೊಡ್ಡ ಹೆದರಿಕೆಯಾಗಿತ್ತು.

ಮುಖ ಮರೆಸಿಕೊಂಡೋರು ಸಿಗೋದೇ ಇಲ್ಲ ಅಂತೇನಿಲ್ಲ. 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಅನ್ನೋ ಆ್ಯಪಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಫೋಟೋ ‘ಹರಾಜಿ’ಗಿಟ್ಟರಲ್ಲ, ಅದರಲ್ಲಿ ಪತ್ರಕರ್ತೆಯರೂ ಇದ್ದರು. ದಿಲ್ಲಿಯ ಪತ್ರಕರ್ತೆ ಇಸ್ಮತ್ ಆರಾ ತಡಮಾಡದೆ ದೂರು ಕೊಟ್ಟರು. ಮುಂಬೈ ಪೊಲೀಸರು ಕೆಲವೇ ದಿನದಲ್ಲಿ ಮೊದಲು ಹಿಡಿದಿದ್ದು ನಮ್ಮ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಹುಡುಗನನ್ನ.

ಈಗ ಯಾರೂ ಬರೆಯದ ಭಾಗಕ್ಕೆ ಬರ್ತೀನಿ. ಜಿಲ್ಲಾ ಪತ್ರಿಕೆಯ ವರದಿಗಾರರ ಹೊಟ್ಟೆಪಾಡು. ತಾಲ್ಲೂಕು ಮಟ್ಟದಲ್ಲಿ ಬಹಳಷ್ಟು ಜನಕ್ಕೆ ನೇಮಕಾತಿ ಪತ್ರವೇ ಇರಲ್ಲ, ಐಡಿ ಕಾರ್ಡ್ ಒಂದಿರುತ್ತೆ. ಸಂಬಳ ಅನ್ನೋದು ಜಾಹೀರಾತಿನ ಕಮಿಷನ್ನು. ಯಾರ ವಿರುದ್ಧ ಬರೆದಿದ್ದೀರೋ ಅವರ ಹುಟ್ಟುಹಬ್ಬಕ್ಕೆ ‘ಯುವ ನಾಯಕರಿಗೆ ಶುಭಾಶಯಗಳು’ ಅಂತ ಅರ್ಧ ಪುಟ ತರಬೇಕಾದವರೂ ನೀವೇ. ಬೈಗುಳ ಅಂಟಿಸಿದ ಹುಡುಗರ ಪೈಕಿ ಇಬ್ಬರ ಫೋಟೋ ಅಂಥದ್ದೇ ಒಂದು ಜಾಹೀರಾತಿನ ಬುಡದಲ್ಲಿ ‘ಶುಭ ಕೋರುವವರು’ ಸಾಲಲ್ಲಿ ನಾನೇ ನೋಡಿದ್ದೆ! ಹೀಗಿರುವಾಗ ‘ಸ್ವಲ್ಪ ದಿನ ಸುಮ್ನಿರು, ತಣ್ಣಗಾಗುತ್ತೆ’ ಅನ್ನೋ ಮಾತು ಕಚೇರಿಯಿಂದ ಬರದೆ ಇನ್ನೇನು ಬರುತ್ತೆ? ಈ ಹುಡುಗಿಗೂ ಅದೇ ಬಂತು. ನನಗೆ ಇದರ ಮೇಲೆ ಸಿಟ್ಟಿದೆ. ನೀರು ಕದ್ದವರ ಬಗ್ಗೆ ಬರೆ ಅಂತ ಕಳಿಸಿದ್ದು ಕಚೇರಿ, ಬೈಸಿಕೊಳ್ಳುವಾಗ ಅವಳೊಬ್ಬಳೇನಾ?

ಖರ್ಚಿಲ್ಲದೆ ಪತ್ರಿಕೆ ಮಾಡಬಹುದಾದ್ದು ಎಷ್ಟೋ ಇದೆ. ದೂರನ್ನ ಸಂಪಾದಕರ ಸಹಿಯೊಂದಿಗೆ ಲೆಟರ್‌ಹೆಡ್ಡಲ್ಲಿ ಕೊಟ್ಟರೆ ಠಾಣೆಯಲ್ಲಿ ಕುರ್ಚಿ ಸಿಗುತ್ತೆ. ಸುದ್ದಿಯ ಮುಂದಿನ ಕಂತನ್ನ ಬೇರೆ ವರದಿಗಾರರ ಕೈಲಿ ಮಾಡಿಸಿ ಹಾಕಿದರೆ ಕೆಂಡ ಒಬ್ಬರ ತಲೆ ಮೇಲೇ ಸುರಿಯಲ್ಲ, ಒಬ್ಬಳನ್ನ ಹೆದರಿಸಿದರೆ ಸುದ್ದಿ ನಿಲ್ಲುತ್ತೆ ಅನ್ನೋ ಲೆಕ್ಕಾಚಾರವೂ ಸುಳ್ಳಾಗುತ್ತೆ. ಕೆಲವು ಸುದ್ದಿಗೆ ಹೆಸರು ಹಾಕದೆ ‘ನಮ್ಮ ಪ್ರತಿನಿಧಿಯಿಂದ’ ಅಂತ ಹಾಕಬಹುದು. ಮತ್ತೆ ಪತ್ರಿಕೆಯ ಫೇಸ್‌ಬುಕ್ ಪುಟ. ಅದರಲ್ಲಿ ಕೆಲವು ಪದ ಇರೋ ಕಾಮೆಂಟು ತಾನಾಗೇ ಮರೆಯಾಗೋ ಹಾಗೆ ಪಟ್ಟಿ ಕೊಡಬಹುದು. ಆ ಪಟ್ಟಿ ಮಾಡೋಕೆ ನಾನೂ ನನ್ನ ಅಣ್ಣನ ಮಗನೂ ಊಟದ ಟೇಬಲ್ ಮೇಲೆ ನೋಟ್‌ಬುಕ್ ಇಟ್ಕೊಂಡು ಕೂತ್ವಿ. ಒಂದೊಂದು ಬೈಗುಳಕ್ಕೂ ಕನ್ನಡ ಲಿಪಿ, ಇಂಗ್ಲಿಷ್ ಲಿಪಿ, ಅಕ್ಷರ ನುಂಗಿದ್ದು, ನಡುವೆ ಚುಕ್ಕಿ ಹಾಕಿದ್ದು, ಹಕಾರ ಬಿಟ್ಟದ್ದು, ಬಯಲುಸೀಮೆ ರೂಪ, ಮಲೆನಾಡ ರೂಪ. ಹುಡುಗ ನಾಚಿಕೊಂಡು ಮೆಲ್ಲಗೆ ಹೇಳ್ತಿದ್ದ, ನಾನು ‘ಅದಕ್ಕೆ ದೀರ್ಘ ಬರುತ್ತೋ ಇಲ್ವೋ’ ಅಂತ ಗಟ್ಟಿಯಾಗಿ ಕೇಳ್ತಿದ್ದೆ. ನಮ್ಮೆಜಮಾನರು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡರು.

ಮನೆಯವರ ವಿಷಯ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಲ್ಲಿ ಗೌರಿ ಲಂಕೇಶ್ ಅವರನ್ನ ಅವರ ಮನೆ ಮುಂದೇ ಗುಂಡಿಟ್ಟು ಕೊಂದ ಮೇಲೆ, ‘ಬರೀ ಫೋನಲ್ಲಿ ತಾನೇ ಬೈಯೋದು, ಬಿಡು’ ಅನ್ನೋ ಸಮಾಧಾನ ಈ ರಾಜ್ಯದ ಪತ್ರಕರ್ತರ ಮನೆಯಲ್ಲಿ ನಡೆಯಲ್ಲ. ಯುನೆಸ್ಕೊ ಮತ್ತು ಪತ್ರಕರ್ತರ ಅಂತರರಾಷ್ಟ್ರೀಯ ಕೇಂದ್ರ (ಐಸಿಎಫ್‌ಜೆ) 2020ರಲ್ಲಿ ಮಾಡಿದ ಜಾಗತಿಕ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಪತ್ರಕರ್ತೆಯರಲ್ಲಿ ಶೇ. 73ರಷ್ಟು ಜನ ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಶೇ. 20ರಷ್ಟು ಜನಕ್ಕೆ ಅದು ಫೋನ್ ದಾಟಿ ಹೊರಗೂ ಬಂದಿತ್ತು. ಆದ್ದರಿಂದ ಅಪ್ಪ ಅಮ್ಮ ಹೆದರೋದು ತಪ್ಪಲ್ಲ. ತಪ್ಪಾಗೋದು ಎಲ್ಲಿ ಅಂದ್ರೆ, ಅವರಿಗೆ ಇದು ಫಾರ್ವರ್ಡ್ ಆಗಿ ಬೇರೆಯವರಿಂದ ತಲುಪೋದು. ಈ ಹುಡುಗಿಯ ಸೋದರಮಾವನಿಗೆ ಮಂಡಿಪೇಟೆಯಲ್ಲಿ ಯಾರೋ ತೋರಿಸಿದ್ದರು. ಅವರು ಮೊದಲು ಕೇಳಿದ್ದು ‘ಇವಳಿಗೆ ಯಾವಾಗ ಮದುವೆ ಮಾಡ್ತೀರಿ’ ಅಂತ. ಅದಕ್ಕೇ ನಾನು ಬಂದವರಿಗೆಲ್ಲಾ ಹೇಳೋದು, ಕೆಣಕೋ ಸುದ್ದಿ ಅಚ್ಚಾಗೋ ಹಿಂದಿನ ದಿನವೇ ಮನೇಲಿ ಹೇಳಿ. ಇಂಥ ಸುದ್ದಿ ಬರ್ತಿದೆ, ಇಂಥ ಮಾತು ಬರಬಹುದು, ಫೋಟೋ ತಿದ್ದಬಹುದು, ಯಾರು ತೋರಿಸಿದರೂ ಉತ್ತರ ಕೊಡದೆ ನನಗೆ ಕಳಿಸಿ. ಹೀಗೆ ಹೇಳಿಟ್ಟರೆ ಅಮ್ಮಂದಿರೇ ಒಳ್ಳೇ ಮಾಹಿತಿದಾರರಾಗ್ತಾರೆ.

ಗ್ರೂಪ್ ಅಡ್ಮಿನ್‌ಗಳನ್ನೂ ಬಿಡಬೇಡಿ. ಸದಸ್ಯ ಹಾಕಿದ್ದಕ್ಕೆಲ್ಲಾ ಅಡ್ಮಿನ್ ಹೊಣೆ ಅಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಅದು ಸರಿಯೇ. ಆದರೆ ನಮ್ಮೂರ ಗ್ರೂಪಿನ ಅಡ್ಮಿನ್ ಅಂದ್ರೆ ಕಿರಾಣಿ ಅಂಗಡಿಯವರೋ, ಮೇಷ್ಟ್ರೋ, ಸೊಸೈಟಿ ಕಾರ್ಯದರ್ಶಿಯೋ. ಅವಳಪ್ಪ ಇಬ್ಬರಿಗೆ ಫೋನ್ ಮಾಡಿ, ‘ಸಾರ್, ನಿಮ್ಮ ಗ್ರೂಪಲ್ಲಿ ನನ್ನ ಮಗಳ ಫೋಟೋ ಹಿಂಗೆ ಬಂದಿದೆ’ ಅಂತಷ್ಟೇ ಹೇಳಿದರು. ಎರಡೂ ಕಡೆ ಹತ್ತು ನಿಮಿಷದೊಳಗೆ ತೆಗೆದರು, ಒಬ್ಬರು ಹಾಕಿದವನನ್ನೂ ತೆಗೆದರು. ನಂಬರ್ ಎಲ್ಲರಿಗೂ ಗೊತ್ತಿರೋ ಊರಿಂದ ಇಷ್ಟಾದರೂ ಲಾಭ ಬೇಡವೇ.

ಮುನ್ನೆಚ್ಚರಿಕೆಗಳನ್ನ ಬೇಗ ಹೇಳಿ ಮುಗಿಸ್ತೀನಿ, ಅವು ಬೇರೆ ಕಡೆಯೂ ಸಿಗ್ತಾವೆ. ನಂಬರ್ ಮುಚ್ಚಿಡೋಕಾಗಲ್ಲ ನಿಜ, ಆದರೆ ಆ ನಂಬರಿಗೆ ಏನೂ ಅಂಟಿಕೊಂಡಿರದ ಹಾಗೆ ಮಾಡಬಹುದು. ಬ್ಯಾಂಕು, ಆಧಾರ್, ಜಿಮೇಲ್‌ಗೆ ಮನೆಯವರಿಗಷ್ಟೇ ಗೊತ್ತಿರೋ ಬೇರೆ ಸಿಮ್. ವಾಟ್ಸಾಪಲ್ಲಿ ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್, ಗೊತ್ತಿಲ್ಲದವರ ಕರೆ ಸದ್ದಾಗದ ಸೆಟ್ಟಿಂಗ್, ಗ್ರೂಪಿಗೆ ಯಾರ್ಯಾರು ಸೇರಿಸಬಹುದು ಅನ್ನೋದಕ್ಕೆ ಕಡಿವಾಣ, ಪ್ರೊಫೈಲ್ ಫೋಟೋ ಪರಿಚಿತರಿಗೆ ಮಾತ್ರ. ಕರೆಗಳು ಬೇರೆ ನಂಬರಿಗೆ ತಿರುಗಿವೆಯಾ ಅಂತ ನೋಡೋಕೆ *#21#, ತೆಗೆಯೋಕೆ ##002#. ಫೇಸ್‌ಬುಕ್ಕಲ್ಲಿ ಸ್ನೇಹಿತರ ಪಟ್ಟಿ ಮರೆಮಾಡಿ, ಹಳೇ ಆಲ್ಬಮ್ ಮುಚ್ಚಿ, ಮಕ್ಕಳು ಶಾಲೆ ಸಮವಸ್ತ್ರದಲ್ಲಿರೋ ಫೋಟೋ ಇದ್ದರೆ ಇವತ್ತೇ ತೆಗೀರಿ. ಅಕ್ಕನ ಮದುವೆ ಫೋಟೋ ಸಿಕ್ಕಿದ್ದು ಅವಳ ಖಾತೆಯಿಂದಲ್ಲ, ಫೋಟೋ ಸ್ಟುಡಿಯೋದವರ ಪುಟದಿಂದ. ಹಾಗಾಗಿ ನೆಂಟರಿಷ್ಟರ ಖಾತೆಗಳನ್ನೂ ಒಮ್ಮೆ ನೋಡಿ.

ಅವಳ ಪ್ರಕರಣದಲ್ಲಿ ಎಫ್‌ಐಆರ್ ಆಗಿದೆ, ದೋಷಾರೋಪಪಟ್ಟಿ ಇನ್ನೂ ಬಂದಿಲ್ಲ. ಪಂಪ್‌ಸೆಟ್‌ಗಳನ್ನ ನೀರಾವರಿಯವರು ಬಂದು ತೆಗೆಸಿದರು, ಕೆಲವು ಮತ್ತೆ ಬಂದು ಕೂತಿವೆ. ಅದನ್ನೂ ಬರೆದಳು.

ಈಗ ನಾವು ಮಾಡಿಕೊಂಡಿರೋ ಏರ್ಪಾಡು ಇಷ್ಟು: ಪೈಪೋಟಿ ಪತ್ರಿಕೆಯವರಾದರೂ ಪರವಾಗಿಲ್ಲ, ಇಬ್ಬಿಬ್ಬರು ಜೋಡಿ. ಹೊನ್ನಾಳಿಯ ಹುಡುಗನ ಫೋನಿಗೆ ಕಷ್ಟ ಬಂದರೆ ಜಗಳೂರಿನವನು ಓದ್ತಾನೆ, ಚನ್ನಗಿರಿಯವಳದ್ದನ್ನ ಇವಳು ಓದ್ತಾಳೆ. ಓದೋರು ಒಂದು ಹೊತ್ತಿಗೆ ಒಂದು ಗಂಟೆಗಿಂತ ಜಾಸ್ತಿ ಓದೋ ಹಾಗಿಲ್ಲ, ನನಗೂ ಅದೇ ನಿಯಮ. ಬಂದದ್ದನ್ನ ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಚಿತ್ರಗಳನ್ನಂತೂ ಇನ್ನೊಬ್ಬರ ಕಣ್ಣಿಗೆ ಬೀಳಿಸೋ ಹಾಗೇ ಇಲ್ಲ. ನನಗೆ ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆ. ಅಷ್ಟರೊಳಗೆ ಇನ್ನಿಬ್ಬರು ಬೇಕು. ತಿಳಿದವರೇ ಆಗಬೇಕು ಅಂತಿಲ್ಲ, ಕಾಗುಣಿತ ಬರೋರು, ಬಾಯಿ ಗಟ್ಟಿ ಇರೋರು ಸಾಕು. ಭಾನುವಾರ ಬೆಳಿಗ್ಗೆ ಮನೇಲೇ ಇರ್ತೀನಿ, ಬರೋರು ಚಾರ್ಜರ್ ತಗೊಂಡು ಬನ್ನಿ.